ಶಾರ್ಕ್‌ನಿಂದ ತೊರಕೆ ಮೀನು ಗರ್ಭಿಣಿಯಾಯಿತೇ? ನಿಜ ಏನು?

‘ಗಂಡು ಮೀನೇ ಇಲ್ಲದ ಟ್ಯಾಂಕ್‌ನಲ್ಲಿ ಸ್ಟಿಂಗ್‌ರೇ ಗರ್ಭಿಣಿ, ತಂದೆ ಶಾರ್ಕ್!’ 2024ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಹರಿದಾಡಿದ ಸುದ್ದಿಯಿದು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಹೆಂಡರ್‌ಸನ್‌ವಿಲ್‌ನ ಅಕ್ವೇರಿಯಂ ಒಂದರಲ್ಲಿದ್ದ ಈ ಮೀನಿನ ಹೆಸರು ಶಾರ್ಲೆಟ್. ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನುಗಳ ಬಳಗದ್ದೇ; ಕ್ಯಾಲಿಫೋರ್ನಿಯಾದಿಂದ ಪನಾಮಾವರೆಗೆ ತೀರದ ಮರಳಿನಲ್ಲಿ ಬದುಕುವ ರೌಂಡ್ ಸ್ಟಿಂಗ್‌ರೇ.

ಟ್ಯಾಂಕ್‌ನಲ್ಲಿ ಗಂಡು ಶಾರ್ಕ್‌ಗಳಿದ್ದವು, ಶಾರ್ಲೆಟ್ ಮೈಮೇಲೆ ಕಚ್ಚಿದ ಗುರುತೂ ಇತ್ತು. ಶಾರ್ಕ್‌ಗಳು ಕೂಡುವಾಗ ಕಚ್ಚುತ್ತವೆ ಎಂಬುದು ನಿಜ. ಆದರೆ ಶಾರ್ಕ್ ಮತ್ತು ತೊರಕೆಯ ವಂಶಗಳು ಬೇರೆಯಾಗಿ 25 ಕೋಟಿ ವರ್ಷಗಳಿಗಿಂತ ಹೆಚ್ಚಾಗಿದೆ. ಕಚ್ಚಿದ ಮಾತ್ರಕ್ಕೆ ಮರಿಯಾಗುವುದಿಲ್ಲ.

ಹಾಗಾದರೆ ಗಂಡಿಲ್ಲದೆ ಬಸಿರಾಗಲು ಸಾಧ್ಯವೇ? ಅಪರೂಪಕ್ಕೆ ಸಾಧ್ಯ. ಅಂಡ ತಯಾರಾಗುವಾಗ ಅದರ ಜೊತೆ ಒಂದು ಪುಟ್ಟ ಕೋಶವೂ ಹುಟ್ಟುತ್ತದೆ. ಸಾಮಾನ್ಯವಾಗಿ ಅದು ವ್ಯರ್ಥ. ಕೆಲವೊಮ್ಮೆ ಅದೇ ಅಂಡದೊಂದಿಗೆ ಬೆರೆತು ವೀರ್ಯಾಣುವಿನ ಜಾಗ ತುಂಬುತ್ತದೆ. ಇದೇ ಪಾರ್ಥೆನೋಜೆನೆಸಿಸ್. 2001ರಲ್ಲಿ ಅಮೆರಿಕದ ಒಮಾಹಾ ಮೃಗಾಲಯದಲ್ಲಿ ಹುಟ್ಟಿದ ಶಾರ್ಕ್ ಮರಿಗೆ ತಂದೆಯೇ ಇಲ್ಲವೆಂದು 2007ರಲ್ಲಿ ಡಿಎನ್‌ಎ ಪರೀಕ್ಷೆ ಸಾಬೀತುಪಡಿಸಿತು. ಶಾರ್ಲೆಟ್‌ಗೂ ಹೀಗೇ ಆಗಿರಬಹುದೆಂದು ತಜ್ಞರು ಹೇಳಿದರು. ಫಾರ್ವರ್ಡ್‌ಗಳಲ್ಲಿ ಮಾತ್ರ ಶಾರ್ಕ್‌ನ ಕಥೆಯೇ ಓಡಿತು!

ತೊರಕೆಯ ಸಹಜ ಬಸಿರೇನೂ ಕಡಿಮೆ ಸೋಜಿಗದ್ದಲ್ಲ. ಇದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಗರ್ಭದೊಳಗಿನ ಮರಿ ಮೊದಮೊದಲು ಮೊಟ್ಟೆಯ ಹಳದಿ ಲೋಳೆ ತಿಂದು ಬೆಳೆಯುತ್ತದೆ. ಅದು ಮುಗಿದ ಮೇಲೆ ಗರ್ಭಕೋಶದ ಒಳಗೋಡೆಯ ಎಳೆಗಳು ಹಾಲಿನಂಥ ಪೌಷ್ಟಿಕ ದ್ರವವನ್ನು ಒಸರುತ್ತವೆ. ಮರಿಗೆ ಅದೇ ಊಟ. ಹೊಕ್ಕುಳಬಳ್ಳಿ ಇಲ್ಲ, ಕೆಚ್ಚಲೂ ಇಲ್ಲ. ಹುಟ್ಟಿದ ಮರಿ ಅಮ್ಮನ ಪುಟ್ಟ ಪಡಿಯಚ್ಚು, ಅಂದಿನಿಂದಲೇ ಸ್ವತಂತ್ರ. ಬಲೆಗೆ ಸಿಕ್ಕ ಬಸುರಿ ತೊರಕೆಗಳು ಗಾಬರಿಯಲ್ಲಿ ದಿನ ತುಂಬದ ಮರಿಗಳನ್ನು ಹೊರಹಾಕಿಬಿಡುವುದೂ ಉಂಟು.

ರೌಂಡ್ ಸ್ಟಿಂಗ್‌ರೇಯ ಬಸಿರಿನ ಅವಧಿ ಸುಮಾರು ಮೂರರಿಂದ ನಾಲ್ಕು ತಿಂಗಳು. ನಾವು ಗಮನಿಸಬೇಕಿದ್ದ ಲೆಕ್ಕ ಇದೇ. ಫೆಬ್ರವರಿಯಲ್ಲೇ ‘ಇನ್ನೇನು ಹೆರಿಗೆ’ ಎಂದರು; ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಮರಿ ಬರಲಿಲ್ಲ. ಶಾರ್ಲೆಟ್‌ಗೆ ಅಪರೂಪದ ಸಂತಾನಾಂಗದ ಕಾಯಿಲೆಯಿದೆ ಎಂದು ಮೇ ಕೊನೆಯಲ್ಲಿ ಅಕ್ವೇರಿಯಂ ಪ್ರಕಟಿಸಿತು. ಅದಾಗಿ ಸುಮಾರು ಒಂದು ತಿಂಗಳಲ್ಲಿ ಅದು ಸತ್ತಿತು. ಕೊನೆಗೂ ಮರಿಗಳು ಹುಟ್ಟಲೇ ಇಲ್ಲ. ಈ ಎರಡನೇ ಸುದ್ದಿ ನಿಮ್ಮ ಗ್ರೂಪಿಗೆ ಬಂದಿತ್ತೇ?