ವೈದ್ಯನು ನಿಲ್ಲುವ ಊರು

ವೈದ್ಯ ಪದವಿಯನ್ನು ಪಡೆದ ತರುಣನೊಬ್ಬನು ಇಂಗ್ಲೆಂಡಿಗೋ ಅಮೆರಿಕಕ್ಕೋ ತೆರಳಿದನೆಂಬ ವಾರ್ತೆ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಎರಡು ಬಗೆಯ ಉದ್ಗಾರಗಳು ಹೊರಡುವುದುಂಟು: ಮನೆಯವರದು ಹೆಮ್ಮೆ, ಸಭೆಯವರದು ನಿಂದೆ. ಪ್ರಜೆಗಳ ತೆರಿಗೆಯ ಹಣದಿಂದ ಕಲಿತ ವಿದ್ಯೆಯನ್ನು ಪರದೇಶಕ್ಕೆ ಧಾರೆಯೆರೆಯುವುದು ಕೃತಘ್ನತೆಯೆಂದು ವೇದಿಕೆಯ ಮೇಲೆ ಸಾರಿದವರೇ, ತಮ್ಮ ಮಗನಿಗೆ ಅಂಥ ಅವಕಾಶ ದೊರೆತಾಗ ಬೀದಿಗೆಲ್ಲ ಸಿಹಿ ಹಂಚುವುದನ್ನು ಕಂಡವರಿಗೆ, ಈ ವಿಷಯವು ದೇಶಭಕ್ತಿಯೊಂದರಿಂದಲೇ ತೀರ್ಮಾನವಾಗತಕ್ಕದ್ದಲ್ಲವೆಂದು ತೋರದಿರದು. ವೈದ್ಯನು ಒಂದು ಊರಿಗೆ ಏಕೆ ಬರುತ್ತಾನೆ, ಬಂದವನು ಏಕೆ ನಿಲ್ಲುತ್ತಾನೆ, ನಿಂತವನು ಏಕೆ ಹೊರಡುತ್ತಾನೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರು ಬಹು ದೂರ ಹೋಗಬೇಕಾದುದಿಲ್ಲ. ಬಂಗಾರಪೇಟೆಯಲ್ಲಿಳಿದು ಮಾರಿಕುಪ್ಪದ ರೈಲನ್ನು ಹತ್ತಿದರೆ ಸಾಕು.

ಆ ಕವಲು ದಾರಿಯನ್ನು 1894ರಲ್ಲಿ ಹಾಕಿದುದು ಚಿನ್ನಕ್ಕಾಗಿ. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿಯವರು ಇಲ್ಲಿ, ಕೋಲಾರದ ಚಿನ್ನದ ಗಣಿಗಳ ಊರಾದ ಕೆ.ಜಿ.ಎಫ್.ನಲ್ಲಿ, ನೆಲವನ್ನು ಅಗೆಸತೊಡಗಿದ ಮೇಲೆ, ಕಾರ್ನ್‌ವಾಲಿನಿಂದ ಗಣಿಕೆಲಸ ಬಲ್ಲವರು ಬಂದರು. ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಕೂಲಿಗಳು ಬಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಹಡಗನ್ನೇರಿ ವೈದ್ಯರೂ ಬಂದರು. ಚಾಂಪಿಯನ್ ರೀಫಿನ ಆಸ್ಪತ್ರೆಯು ಬೆಳೆದುದು ಹೀಗೆ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅದಕ್ಕೆ ಹೆಸರು ತಂದವರಲ್ಲಿ ಡಾ. ಟಿ. ಜೆ. ಓಡೊನೆಲ್ ಅವರನ್ನು ಊರಿನವರು ಸ್ಮರಿಸುತ್ತಾರೆ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದ ಗಣಿಯಲ್ಲಿ ಬಂಡೆಯು ಒತ್ತಡವನ್ನು ತಾಳಲಾರದೆ ಸಿಡಿದಾಗ, ಕೈಕಾಲು ನುಜ್ಜುಗುಜ್ಜಾದ ಕಾರ್ಮಿಕನನ್ನು ಬೆಂಗಳೂರಿಗೆ ಒಯ್ಯುವಷ್ಟು ವ್ಯವಧಾನವಿರುತ್ತಿರಲಿಲ್ಲ. ಶಸ್ತ್ರವೈದ್ಯನು ಅಲ್ಲಿಯೇ ಇರಬೇಕಾಗಿತ್ತು. ಇದನ್ನು ಕಂಪನಿಯ ಕಾರುಣ್ಯವೆಂದು ಬಗೆಯುವವರು ಅದರ ಲೆಕ್ಕಪುಸ್ತಕವನ್ನು ಮರೆಯುತ್ತಾರೆ. ದೊರೆಗಳಿಗೆ ಬಂಗಲೆ, ಕ್ಲಬ್ಬು. ಕೂಲಿಗಳಿಗೆ ತಟ್ಟಿಯ ಗೋಡೆಯ ಲೈನು ಮನೆ: ಇಂಥ ತಾರತಮ್ಯವಿದ್ದ ಊರಿನಲ್ಲಿಯೂ ವೈದ್ಯನಿಗೆ ಸಂಬಳ, ವಸತಿ, ದಾದಿಯರು, ಉಪಕರಣಗಳು ಎಲ್ಲವೂ ಒದಗಿದುದು, ಆತನ ವೆಚ್ಚವು ಚಿನ್ನದ ಉತ್ಪಾದನೆಯ ವೆಚ್ಚದಲ್ಲಿಯೇ ಒಂದು ಭಾಗವಾಗಿದ್ದುದರಿಂದ.

ಚಿನ್ನಕ್ಕೂ ವೈದ್ಯನಿಗೂ ಇದ್ದ ಈ ಗಂಟು ಎಷ್ಟು ಬಿಗಿಯಾದುದೆಂಬುದು ಗಣಿ ಸೊರಗಿದ ಮೇಲೆ ತಿಳಿಯಿತು. 1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರ ಸರ್ಕಾರವೂ ವಹಿಸಿಕೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರನ್ನು ಪಡೆದ ಉದ್ಯಮವು 2001ರ ಫೆಬ್ರವರಿ 28ರಂದು ಮುಚ್ಚಿತು. ಆಸ್ಪತ್ರೆಯೂ ಅದರ ಹಿಂದೆಯೇ ಹೋಯಿತು. ಆದರೆ ರೋಗವು ಹಾಗೆ ಕದ ಹಾಕಿಕೊಂಡು ಹೋಗುವುದಿಲ್ಲ. ಬಿಳಿಕಲ್ಲನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಪುಪ್ಪುಸದಲ್ಲಿ ನೆಲೆಗೊಂಡು, ಕೆಲಸವನ್ನು ಬಿಟ್ಟು ವರ್ಷಗಳು ಸಂದ ಮೇಲೂ ಉಸಿರನ್ನು ಕುಗ್ಗಿಸುತ್ತಾ, ಕ್ಷಯಕ್ಕೆ ದಾರಿಮಾಡಿಕೊಡುತ್ತಾ ಹೋಗುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದುದು 1947ರಲ್ಲಿ, ಇದೇ ಕೋಲಾರದ ಗಣಿಗಳಿಂದ ಎಂಬುದನ್ನು ನಮ್ಮ ವೈದ್ಯ ವಿದ್ಯಾರ್ಥಿಗಳು ಪಠ್ಯದಲ್ಲಿ ಓದುತ್ತಾರೆ. ಆ ರೋಗವು ಹೀಗೆ ಮೊದಲು ವರದಿಯಾದ ಊರಿನ ಮುದುಕರು ಬೆಳಗಿನ ಜಾವದ ರೈಲಿನಲ್ಲಿ, ಕೆಲಸಕ್ಕೆ ಬೆಂಗಳೂರಿಗೆ ಹೋಗುವ ಹುಡುಗರ ನೂಕುನುಗ್ಗಲಿನ ನಡುವೆ, ಎಕ್ಸರೇ ಹಾಳೆ ಮಡಿಸಿಹೋಗದಂತೆ ಎದೆಗೊತ್ತಿ ಹಿಡಿದು, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರೆಳೆದುಕೊಂಡು, ದೊಡ್ಡಾಸ್ಪತ್ರೆಗೆ ಪ್ರಯಾಣಮಾಡಬೇಕಾಗಿದೆ.

2021ರಲ್ಲಿ ಕೊರೋನಾದ ಎರಡನೆಯ ಅಲೆ ಎದ್ದಾಗ, ಎರಡು ದಶಕಗಳಿಂದ ಪಾಳುಬಿದ್ದಿದ್ದ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಗುಡಿಸಿ, ತೊಳೆದು, ಹಾಸಿಗೆಗಳನ್ನು ಅಣಿಮಾಡಿದರು. ಅದು ಕೊಂಡಾಡತಕ್ಕ ಕಾರ್ಯವೇ ಸರಿ. ಕಟ್ಟಡವನ್ನು ಹೀಗೆ ಪಕ್ಷವೊಂದರಲ್ಲಿ ಎಬ್ಬಿಸಬಹುದು. ಶಸ್ತ್ರವೈದ್ಯ, ಅರಿವಳಿಕೆ ತಜ್ಞ, ಎಕ್ಸರೇ ತಂತ್ರಜ್ಞ, ನುರಿತ ದಾದಿ ಇವರೆಲ್ಲ ಪರಸ್ಪರ ಅರಿತು ದುಡಿಯುವ ತಂಡವನ್ನು ಹಾಗೆ ಎಬ್ಬಿಸಲಾಗದು.

ಈಗ ಕಡಲಿನಾಚೆಗೆ ನೋಡೋಣ. 1948ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾದ ಮೇಲೆ, ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಿಗೆ ಹೋಗಲು ಆ ದೇಶದ ವೈದ್ಯರೇ ಹಿಂಜರಿದ ಕಾಲದಲ್ಲಿ, ಅಲ್ಲಿನ ಎಷ್ಟೋ ಹಳ್ಳಿಗಳ ನಾಡಿಯನ್ನು ಹಿಡಿದವರು ಭಾರತ ಉಪಖಂಡದ ವೈದ್ಯರು. ಗಣಿಯ ಧೂಳಿನಿಂದ ಕೆಮ್ಮುವವರನ್ನು ನೋಡಲು ಒಂದು ಕಾಲದಲ್ಲಿ ಅವರ ವೈದ್ಯರು ಇಲ್ಲಿಗೆ ಬಂದಿದ್ದರು. ಇನ್ನೊಂದು ಕಾಲದಲ್ಲಿ ನಮ್ಮವರು ಅಲ್ಲಿಗೆ ಹೋದರು. ಪ್ರತಿಷ್ಠೆಯ ವಿಭಾಗಗಳ ಬಾಗಿಲು ವರ್ಣಭೇದದಿಂದ ಮುಚ್ಚಿದ್ದುದೂ ನಮ್ಮವರನ್ನು ಆ ಕಣಿವೆಗಳತ್ತ ತಳ್ಳಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಅವರು ಅಲ್ಲಿ ನೆಲೆಯೂರಿದರು. ಏಕೆಂದರೆ ನೋಂದಾಯಿಸಿದ ಪ್ರತಿಯೊಬ್ಬ ರೋಗಿಗೂ ಸರ್ಕಾರವು ವೈದ್ಯನಿಗೆ ಹಣ ಕೊಡುತ್ತಿದ್ದಿತು, ರೋಗಿಯ ಬಡತನವು ವೈದ್ಯನ ಬಡತನವಾಗುತ್ತಿರಲಿಲ್ಲ. ಅದೇ ವೇಲ್ಸಿನ ಗಣಿ ಹಳ್ಳಿಯೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬಾತನು, ಅಗತ್ಯ ಹೆಚ್ಚಾಗಿರುವಲ್ಲಿಯೇ ಒಳ್ಳೆಯ ಚಿಕಿತ್ಸೆ ಕಡಿಮೆಯಾಗಿರುತ್ತದೆಂಬ ವಿಲೋಮ ನಿಯಮವನ್ನು 1971ರಲ್ಲಿ ಮಂಡಿಸಿ, ಮಾರುಕಟ್ಟೆಯ ಹಿಡಿತವು ಬಿಗಿಯಾದಷ್ಟೂ ಈ ನಿಯಮವು ಬಲಗೊಳ್ಳುವುದೆಂದು ಎಚ್ಚರಿಸಿದನು.

ಹಾಗಾದರೆ ಸೇವಾಭಾವಕ್ಕೆ ಬೆಲೆಯೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಕೋಲಾರ ಪಟ್ಟಣದಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು 1910ರಲ್ಲಿ ಸ್ಥಾಪಿಸಿದ ಇ.ಟಿ.ಸಿ.ಎಂ. ಆಸ್ಪತ್ರೆಯು ಚಿನ್ನದ ಆಸೆಯಿಂದ ಹುಟ್ಟಿದುದಲ್ಲ. ಆದರೆ ಅಲ್ಲಿಯೂ ವೈದ್ಯರ ಬೆನ್ನ ಹಿಂದೆ ಒಂದು ಸಂಸ್ಥೆಯಿದ್ದಿತು. ಸೇವಾಭಾವವು ವೈದ್ಯನನ್ನು ಕರೆತರಬಲ್ಲುದು. ಆತನನ್ನು ಉಳಿಸಿಕೊಳ್ಳುವುದು ವ್ಯವಸ್ಥೆ.

ನಮ್ಮ ಸರ್ಕಾರಗಳು ಬಹುಮಟ್ಟಿಗೆ ನೆಚ್ಚಿಕೊಂಡಿರುವುದು ಬಲವಂತವನ್ನು. ವೈದ್ಯ ಪದವೀಧರರು ಒಂದು ವರ್ಷ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂದು ಕರ್ನಾಟಕವು 2012ರ ಕಾಯಿದೆಯಲ್ಲಿ ವಿಧಿಸಿತು. ಇಂಥ ಕಾಯಿದೆಯು ಒಂದು ವರ್ಷದ ಮಟ್ಟಿಗೆ ಕುರ್ಚಿಯನ್ನು ತುಂಬಿಸಬಹುದು. ಆದರೆ ರೋಗಿಯ ಎದೆಯ ಚರಿತ್ರೆಯನ್ನು ಹತ್ತು ವರ್ಷ ಬಲ್ಲ ವೈದ್ಯನನ್ನು ಅದು ಹುಟ್ಟಿಸಲಾರದು. ಇತ್ತ, ಬಡ ದೇಶಗಳಿಂದ ವೈದ್ಯರನ್ನು ಸೆಳೆಯುವುದರಲ್ಲಿ ಸಂಯಮವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಒಪ್ಪಿದ ಸಂಹಿತೆಯಾದರೋ ಸ್ವಯಂಪ್ರೇರಿತವಾದುದು. ಅದನ್ನು ಮೀರಿದವರಿಗೆ ದಂಡವಿಲ್ಲ. ತಾವು ತರಬೇತಿಗೆ ಕಾಸು ವೆಚ್ಚಮಾಡದೆ ಸಿದ್ಧ ವೈದ್ಯರನ್ನು ಪಡೆಯುವ ಸಿರಿವಂತ ರಾಷ್ಟ್ರಗಳು ಆ ವೆಚ್ಚದ ಪಾಲನ್ನು ನಮ್ಮ ವೈದ್ಯಕೀಯ ಕಾಲೇಜುಗಳಿಗೆ ಹಿಂದಿರುಗಿಸಬೇಕೆಂದು ಕೇಳುವ ಹಕ್ಕು ನಮಗುಂಟು, ಕೇಳಲೂಬೇಕು.

ಆದರೆ ಆ ಹಣವು ಬರುವವರೆಗೆ ಕೈಕಟ್ಟಿ ಕುಳಿತಿರಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಗೆ ಒಬ್ಬೊಬ್ಬರನ್ನಾಗಿ ವರ್ಗಮಾಡುವುದನ್ನು ಬಿಟ್ಟು ಪೂರ್ಣ ತಂಡವನ್ನೇ ನೇಮಿಸಲಿ, ವಾಸಯೋಗ್ಯವಾದ ಕ್ವಾರ್ಟರ್ಸು, ಉನ್ನತ ವ್ಯಾಸಂಗಕ್ಕೆ ಆದ್ಯತೆ, ರಾತ್ರಿ ಪಾಳಿಯಲ್ಲಿ ದಾಂಧಲೆಕೋರರಿಂದ ರಕ್ಷಣೆ ಇವು ದೊರೆಯಲಿ, ಕೆ.ಜಿ.ಎಫ್.ನಂಥ ಊರಿಗೆ ಅದರದೇ ಆದ ಎದೆರೋಗದ ವಿಭಾಗವಿರಲಿ. ವಿದೇಶೀ ಕಂಪನಿಯೊಂದು ತನ್ನ ಲಾಭಕ್ಕಾಗಿ ಈ ಮಣ್ಣಿನಲ್ಲಿ ಮಾಡಿ ತೋರಿಸಿದುದನ್ನು, ಪ್ರಜೆಗಳ ಸರ್ಕಾರವು ಪ್ರಜೆಗಳಿಗಾಗಿ ಮಾಡಲಾರೆನೆನ್ನುವುದು ಸಲ್ಲದು. ಅದನ್ನು ಮಾಡಿದ ಮೇಲೂ ವಿಮಾನವನ್ನೇರುವ ವೈದ್ಯರು ಕೆಲವರಿದ್ದೇ ಇರುತ್ತಾರೆ; ಅವರಿಗೆ ಶುಭವನ್ನೇ ಕೋರೋಣ. ಅದನ್ನು ಮಾಡದೆ ಅವರನ್ನು ನಿಂದಿಸುವ ಅಧಿಕಾರ ಮಾತ್ರ ನಮಗಿಲ್ಲ.