ಕಾಡಂಚಿನ ಊಟ, ಹಂದಿಗೊಂದು ಪರೀಕ್ಷೆ

ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ ಕಾಡಂಚಿನ ಹಳ್ಳಿ ಹೋಟೆಲೆಂದರೆ ಗೋಡೆಯ ಮೇಲೆ ಜಿಂಕೆ ಕೊಂಬು, ಕೂರಲು ಮರದ ಬೆಂಚು, ಮೂಲೆಯಲ್ಲಿ ಬಿಲ್ಲೆ ಹೊದಿಸಿದ ದೊಡ್ಡ ಒಲೆ. ಒಂದು ಮೇಜು ಊರಿನ ಖಾಯಂ ಗಿರಾಕಿಗಳದ್ದು. ‘ಸ್ಟಾಮ್‌ಟಿಶ್’ ಎಂಬ ಫಲಕ ಕಂಡರೆ ಹೊಸಬರು ಅತ್ತ ಸುಳಿಯದಿರುವುದೇ ಮರ್ಯಾದೆ. ಚಳಿ ಶುರುವಾಯಿತೆಂದರೆ ತಟ್ಟೆಗೆ ಕಾಡುಹಂದಿ ಬರುತ್ತದೆ. ಜೊತೆಗೆ ಕೆಂಪು ಕೋಸು, ನಮ್ಮ ಮುದ್ದೆಯ ದೂರದ ನೆಂಟನಂಥ ‘ಕ್ನೋಡೆಲ್’ ಉಂಡೆ. ಗಟ್ಟಿ ಊಟ!

ಆದರೆ ಈ ಹಂದಿ ಅಡುಗೆಮನೆ ಸೇರುವ ಮುನ್ನ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. 1986ರ ಏಪ್ರಿಲ್‌ನಲ್ಲಿ ಚೆರ್ನೊಬಿಲ್ ಅಣುಸ್ಥಾವರ ಸಿಡಿದಾಗ ವಿಕಿರಣದ ಧೂಳು ಸಾವಿರ ಕಿಲೋಮೀಟರಿಗೂ ದೂರ ತೇಲಿಬಂದು ಇಲ್ಲಿ ಮಳೆಯೊಡನೆ ಇಳಿಯಿತು. ಕಿಲೋ ಮಾಂಸದಲ್ಲಿ ವಿಕಿರಣಶೀಲ ಸೀಸಿಯಂ 600 ಬೆಕೆರೆಲ್ ದಾಟಿದರೆ ಮಾರುವಂತಿಲ್ಲ. ನಷ್ಟವಾದ ಬೇಟೆಗಾರನಿಗೆ ಸರ್ಕಾರದ ಪರಿಹಾರವುಂಟು.

ಸೀಸಿಯಂ-137 ಸುಮಾರು 30 ವರ್ಷಕ್ಕೆ ಅರ್ಧವಾಗುತ್ತದೆ. ಜಿಂಕೆ ಮಾಂಸದಲ್ಲಿ ಅದು ಇಳಿದೂ ಇದೆ. ಹಂದಿಯದು ಮಾತ್ರ ಹಟ. ಚಳಿಗಾಲದಲ್ಲಿ ಬೇರೇನೂ ಸಿಗದಾಗ ಅದು ಮೂತಿಯಿಂದ ನೆಲ ಅಗೆದು ಒಂದು ಜಾತಿಯ ಅಣಬೆ ತಿನ್ನುತ್ತದೆ. ಮಣ್ಣೊಳಗಿನ ಆ ಅಣಬೆಯೇ ಸೀಸಿಯಂನ ಕಣಜ. ತಪ್ಪೆಲ್ಲ ಚೆರ್ನೊಬಿಲ್‌ನದೆಂದು ಜನ ನಂಬಿದ್ದರು. 2023ರಲ್ಲಿ ಆಸ್ಟ್ರಿಯಾ ಮತ್ತು ಜರ್ಮನಿಯ ವಿಜ್ಞಾನಿಗಳು ಬವೇರಿಯಾದ ಹಂದಿ ಮಾಂಸ ಪರೀಕ್ಷಿಸಿ, ಹಳೆಯ ಅಣುಬಾಂಬ್ ಪರೀಕ್ಷೆಗಳ ಪಾಲೂ ಅದರಲ್ಲಿದೆ ಎಂದರು. ಚೆರ್ನೊಬಿಲ್‌ನ ಸೀಸಿಯಂ ವರ್ಷಕ್ಕೆ ಕೂದಲೆಳೆಯಷ್ಟು ಕೆಳಗಿಳಿಯುತ್ತ, ಅಣಬೆಯಿರುವ ಆಳಕ್ಕೆ ಇನ್ನೂ ಸೇರುತ್ತಲೇ ಇದೆ.