ಪಿಜ್ಜಾಗೆ ಕಲ್ಲು ಬೇಡ ಸ್ವಾಮಿ, ಕಾವಲಿ ಸಾಕು

ಕಳೆದ ತಿಂಗಳು ಗೆಳೆಯನ ಮನೆಯಲ್ಲಿ ಪಿಜ್ಜಾ ಕಲ್ಲು ಒಡೆಯಿತು. ಓಟಿಜಿ ಒಳಗೇ ಟಪ್ ಅಂತ ಎರಡು ಹೋಳು. ಆರು ಸಾವಿರ ಕೊಟ್ಟು ತರಿಸಿದ್ದನಂತೆ. ಹಿಂದಿನ ರಾತ್ರಿ ಚೆನ್ನಾಗಿ ತೊಳೆದಿಟ್ಟಿದ್ದ, ಕಲ್ಲು ನೀರು ಕುಡಿದು ಕೂತಿತ್ತು, ಕಾದಾಗ ಆ ನೀರೇ ಹಬೆಯಾಗಿ ಅದನ್ನು ಸೀಳಿರಬೇಕು. ಹಸಿದ ಆರು ಜನ ಒಂದು ಗಂಟೆ ಆ್ಯಪ್ ನೋಡ್ತಾ ಕೂತ್ವಿ, ಡೆಲಿವರಿ ಹುಡುಗ ಎಲ್ಲಿದ್ದಾನೆ ಅಂತ.

ಸಿಟ್ಟು ಬಂದಿದ್ದು ಕಲ್ಲಿನ ಮೇಲಲ್ಲ. ಗುಡಿಸೋಕೆ ಪೊರಕೆ ಹುಡುಕ್ತಾ ಸಿಂಕ್ ಕೆಳಗೆ ಬಗ್ಗಿದೆ ನೋಡಿ, ಅಲ್ಲಿ ಫಿನಾಯಿಲ್ ಬಾಟಲಿ ಪಕ್ಕ ಅವನಮ್ಮ ಊರಿಂದ ಹೊತ್ತು ತಂದುಕೊಟ್ಟ ಬೀಡಿನ ದೋಸೆ ಕಾವಲಿ ತುಕ್ಕು ಹಿಡಿದು ಬಿದ್ದಿತ್ತು. ಕೇಳಿದ್ರೆ, "ತುಂಬಾ ಹೆವಿ ಕಣೋ, ಮೇಂಟೇನ್ ಮಾಡೋಕಾಗಲ್ಲ" ಅಂದ. ಕಲ್ಲಿನ ಹೋಳುಗಳನ್ನು ಎತ್ತಿ ಡಬ್ಬಿಗೆ ಹಾಕ್ತಾ ಅಂದ ಮಾತು ಇದು.

ನಮ್ಮ ಪೀಳಿಗೆಗೆ ಹಿಡಿದಿರೋ ರೋಗವೇ ಇದು. ಪಿಜ್ಜಾ ಮಾಡೋದು ಕಲಿಯೋ ಮೊದಲೇ ಪಿಜ್ಜಾ ಸಾಮಾನು ಕೊಳ್ಳೋದು. ಕೇಳಿದ್ರೆ 'ಅಥೆಂಟಿಕ್' ಅಂತಾರೆ. ಸರಿ, ಅಥೆಂಟಿಕ್ಕೇ ಮಾತಾಡೋಣ. ನೇಪಲ್ಸ್‌ನಲ್ಲಿ ಅಸಲಿ ಪಿಜ್ಜಾ ಕಾಯೋಕೆ ಅಂತಲೇ ಒಂದು ಸಂಘ ಇದೆ, 1984ರಲ್ಲಿ ಶುರುವಾದದ್ದು. ಅವರ ನಿಯಮದ ಪ್ರಕಾರ ಒಲೆಯ ನೆಲ 380ರಿಂದ 430 ಡಿಗ್ರಿ ಇರಬೇಕು, ಕಮಾನು 485 ಡಿಗ್ರಿ, ಪಿಜ್ಜಾ ಬೇಯೋದು 60ರಿಂದ 90 ಸೆಕೆಂಡಿನಲ್ಲಿ. ನಿಮ್ಮ ಓಟಿಜಿ ಮುಖ ಒಮ್ಮೆ ನೋಡಿ ಬನ್ನಿ. ಗುಂಡಿ 250ಕ್ಕೆ ನಿಲ್ಲುತ್ತೆ, ಎಷ್ಟೋ ಮಾಡೆಲ್‌ಗಳಲ್ಲಿ 230ಕ್ಕೇ. ಅದರೊಳಗೆ ಎಂಥಾ ಕಲ್ಲಿಟ್ಟರೂ 250ರ ಕಲ್ಲೇ.

ಕಲ್ಲಿಗಿರೋ ಇನ್ನೊಂದು ತೊಂದರೆ, ಅದು ಜಿಪುಣ. ಕಾಯೋಕೆ ಮುಕ್ಕಾಲು ಗಂಟೆ ತಗೊಳುತ್ತೆ, ಕಾದ ಮೇಲೂ ಬಿಸಿಯನ್ನು ಹಿಟ್ಟಿಗೆ ನಿಧಾನಕ್ಕೆ ಬಿಡುತ್ತೆ. ಐನೂರು ಡಿಗ್ರಿಯ ಹತ್ತಿರ ಆ ನಿಧಾನವೇ ಒಳ್ಳೇದು, ಇಲ್ಲದಿದ್ರೆ ತಳ ಕರಕಲಾಗುತ್ತೆ. 250ರಲ್ಲಿ ಅದೇ ನಿಧಾನದಿಂದ ತಳ ಬಿಳಿ ಬಿಳಿ, ಮೆತ್ತಗೆ. ಅಷ್ಟೇ ಬಿಸಿಯಲ್ಲಿರೋ ಕಬ್ಬಿಣ ಹಾಗಲ್ಲ, ಮುಟ್ಟಿದ ತಕ್ಷಣ ಧಾರಾಳವಾಗಿ ಕೊಡುತ್ತೆ. ಕೈಯಾರೆ ದೋಸೆ ಹಾಕಿದವರಿಗೆ ಈ 'ಚುಂಯ್' ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ. ಕಮ್ಮಿ ಬಿಸಿಯ ಮನೆ ಒಲೆಗೆ ಧಾರಾಳಿಯೇ ಬೇಕು.

ಹಾಗಂತ ಕಬ್ಬಿಣದ ಭಜನಾ ಮಂಡಳಿಗೂ ನಾನು ಸೇರಿಲ್ಲ. "ಕಾಸ್ಟ್ ಐರನ್ ಎಲ್ಲಾ ಕಡೆ ಸಮವಾಗಿ ಕಾಯುತ್ತೆ" ಅಂತಾರಲ್ಲ, ಶುದ್ಧ ಸುಳ್ಳು. ಬಿಸಿ ಹರಡೋದರಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಮೂರು ನಾಲ್ಕು ಪಟ್ಟು ಮುಂದೆ. ಕಾವಲಿಯನ್ನು ಜೋರು ಉರಿಗೆ ಇಟ್ಟರೆ ನಡುವೆ ಕೆಂಡ, ಅಂಚು ತಣ್ಣಗೆ. ಅದರ ಗುಣ ಇರೋದು ತೂಕದಲ್ಲಿ. ಎರಡು ಎರಡೂವರೆ ಕೆಜಿ ಕಬ್ಬಿಣ ಒಮ್ಮೆ ಕಾದರೆ, ಹಸಿ ಹಿಟ್ಟು ಬಿದ್ದರೂ ಜಗ್ಗಲ್ಲ. ಇನ್ನು ಕೆಲವರು ಪಿಜ್ಜಾದಿಂದ ರಕ್ತಕ್ಕೆ ಕಬ್ಬಿಣ ಸೇರುತ್ತೆ ಅಂತಾರೆ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಸಾರು ಕುದಿಸಿದರೆ ಹೌದು. ಐದಾರು ನಿಮಿಷ ಕೂರೋ ಹಿಟ್ಟಿನ ತಳದಿಂದ ಏನೂ ಆಗಲ್ಲ, ಮೇಲೆ ಸುರಿದ ಚೀಸಿಗೆ ಪಾಪಪರಿಹಾರ ಹುಡುಕಬೇಡಿ.

ಕೊಳ್ಳೋದೇ ಆದರೆ ಮೊದಲು ಟೇಪು ಹಿಡಿದು ಓಟಿಜಿ ಒಳಗಿನ ಅಗಲ ಅಳೆಯಿರಿ. ಇದನ್ನು ಯಾವ ವೀಡಿಯೋನೂ ಹೇಳಲ್ಲ. ಅಮೆರಿಕದವರ ಉದ್ದ ಹಿಡಿಯ 12 ಇಂಚಿನ ಸ್ಕಿಲೆಟ್ ಅವರ ಬೀರುವಿನಂಥ ಓವನ್‌ಗೆ ಸರಿ. ನಮ್ಮ 28 ಲೀಟರ್ ಪೆಟ್ಟಿಗೆಗೆ ಇಟ್ಟರೆ ಹಿಡಿ ಹೊರಗೆ, ಬಾಗಿಲು ಅರ್ಧ ತೆರೆದು. ಎರಡು ಕಡೆ ಕಿವಿ ಇರೋ 10 ಇಂಚಿನ ಕಾವಲಿ ತಗೊಳ್ಳಿ. ಚಪಾತಿ ಮಾಡೋ ತೆಳು ತವಾ ಅಲ್ಲ, ಅದು ಕಬ್ಬಿಣದ ಹಾಳೆ, ನಮಗೆ ಬೇಕಾಗಿರೋದು ಅಚ್ಚಿಗೆ ಎರೆದ ಬೀಡು. ಬೆರಳ ಗೆಣ್ಣಿಂದ ತಟ್ಟಿ, ಗಂಟೆಯ ಹಾಗೆ ದನಿ ಬರಬೇಕು, ಬದ್ ಅಂದರೆ ಎಲ್ಲೋ ಬಿರುಕು. ಕೈಗೆ ಕಪ್ಪು ಬಣ್ಣ ಅಂಟಿದರೆ ಅಲ್ಲೇ ಬಿಟ್ಟು ಬನ್ನಿ. ನನ್ನದಕ್ಕೆ ಕೊಟ್ಟಿದ್ದು 900 ರೂಪಾಯಿ.

ಪಳಗಿಸೋದಕ್ಕೂ ಈಗ ಕೋರ್ಸ್ ಇದೆಯಂತೆ! ಪಳಗಿಸೋದು ಅಂದರೆ ಇಷ್ಟೇ, ಎಣ್ಣೆಯನ್ನು ತೀರಾ ತೆಳುವಾಗಿ ಸವರಿ ಹೊಗೆ ಬರೋವರೆಗೆ ಕಾಯಿಸೋದು. ಎಣ್ಣೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತೆ. ನಾಲ್ಕೈದು ಸಲ ಮಾಡಿ, ಆಮೇಲೆ ವಾರಕ್ಕೆರಡು ದಿನ ದೋಸೆ ಹುಯ್ಯಿರಿ. ಎಣ್ಣೆ ಜಾಸ್ತಿಯಾದ್ರೆ ಅಂಟಂಟು, ಅದೊಂದೇ ತಪ್ಪು ಎಲ್ಲರೂ ಮಾಡೋದು.

ಪಿಜ್ಜಾ ಮಾಡೋ ದಿನ ಹೀಗೆ. 200 ಗ್ರಾಂ ಮೈದಾ, 130 ಗ್ರಾಂ ನೀರು, ಒಂದು ಚಮಚಕ್ಕಿಂತ ಕಮ್ಮಿ ಉಪ್ಪು, ಚಿಟಿಕೆ ಯೀಸ್ಟ್. ಕಲಸಿ ರಾತ್ರಿಯಿಡೀ ಫ್ರಿಜ್ಜಲ್ಲಿಡಿ, ಮಾರನೇ ದಿನ ಎರಡು ಗಂಟೆ ಮುಂಚೆ ಹೊರಗೆ ತೆಗೆಯಿರಿ. ಎರಡು ತೆಳು ಪಿಜ್ಜಾ ಆಗುತ್ತೆ. ನಮ್ಮ ಟೊಮೆಟೊ ಬರೀ ನೀರು, ಅದನ್ನು ಸ್ಟೀಲ್ ಪಾತ್ರೆಯಲ್ಲಿ ಬತ್ತಿಸಿಕೊಳ್ಳಿ. ಕಾವಲಿಯಲ್ಲಿ ಬೇಡ, ಹುಳಿ ಬಹಳ ಹೊತ್ತು ಕುದ್ದರೆ ಪಳಗಿದ ಪದರ ಎದ್ದು ಬರುತ್ತೆ. ಕಾವಲಿ ಗ್ಯಾಸ್ ಮೇಲೆ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ, ಆಗಾಗ ತಿರುಗಿಸ್ತಾ. ಓಟಿಜಿ ಮೇಲಿನ ರಾಡ್ ಪೂರ್ತಿ ಕೆಂಪಗಾಗಲಿ. ತಟ್ಟಿದ ಹಿಟ್ಟನ್ನು ಕಾವಲಿಗೇ ಹಾಕಿ, ಸರಸರ ಸಾಸು ಚೀಸು ಹರಡಿ, ತಳದಲ್ಲಿ ಕಂದು ಚುಕ್ಕೆ ಬಂದ ಕೂಡಲೇ ಕಾವಲಿ ಸಮೇತ ಒಳಗೆ, ರಾಡ್‌ಗೆ ಹತ್ತಿರ. ಐದಾರು ನಿಮಿಷ ಸಾಕು. ಹಿಡಿಯೋಕೆ ಒಣ ಬಟ್ಟೆ, ದಪ್ಪಗೆ ಮಡಿಸಿದ್ದು. ಒದ್ದೆ ಬಟ್ಟೆ ಹಿಡಿದರೆ ಹಬೆ ಕೈ ಸುಡುತ್ತೆ, ನನ್ನ ಎಡಗೈ ಹೆಬ್ಬೆರಳು ಸಾಕ್ಷಿ. ಇಂಡಕ್ಷನ್‌ನವರು ಸಿಮ್‌ನಲ್ಲೇ ಶುರು ಮಾಡಿ, ಏಕ್‌ದಂ ಜೋರು ಇಟ್ಟರೆ ಬೀಡು ಬಿರಿಯಬಹುದು.

ಇದನ್ನೆಲ್ಲ ನಾನ್‌ಸ್ಟಿಕ್‌ನಲ್ಲಿ ಮಾಡ್ತೀನಿ ಅಂತ ಹೊರಡಬೇಡಿ. ಆ ಲೇಪ 260 ಡಿಗ್ರಿ ದಾಟಿದರೆ ಕೆಡೋಕೆ ಶುರುವಾಗುತ್ತೆ. ಖಾಲಿ ಪಾತ್ರೆ ಗ್ಯಾಸ್ ಮೇಲೆ ಹತ್ತು ನಿಮಿಷ ಅಂದ್ರೆ ಆ ಗೆರೆ ಆರಾಮಾಗಿ ದಾಟುತ್ತೆ.

ಇಷ್ಟು ಬೈಯೋ ನಾನೇನು ಸಾಚಾ ಅಂತಲ್ಲ. ತೀರ್ಥಹಳ್ಳಿಯ ನಮ್ಮನೇಲಿ ಅಜ್ಜಿಯ ಕಾವಲಿ ಒಂದಿತ್ತು. ಮೂವತ್ತು ನಲವತ್ತು ವರ್ಷ ದೋಸೆ ಕಂಡು ನುಣುಪಾಗಿದ್ದು, ಬೆಳಕಿಗೆ ಹಿಡಿದರೆ ಹೊಳೀತಿತ್ತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಅಂತ ನಾನು ಕೊಂಡುಹೋಗಿದ್ದು ನಾನ್‌ಸ್ಟಿಕ್ ತವಾ. "ಇನ್ನು ಆ ಭಾರ ಎತ್ತಬೇಡ" ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿ ಬಂದೆ. ಮುಂದಿನ ರಜಕ್ಕೆ ಹೋಗೋಷ್ಟರಲ್ಲಿ ಕಾವಲಿ ಗುಜರಿಯವನ ಪಾಲಾಗಿತ್ತು. ನನ್ನ ತವಾದ ಲೇಪ ಎರಡು ವರ್ಷಕ್ಕೆ ಕಿತ್ತುಬಂತು. ಅಮ್ಮನನ್ನು ಕೇಳಿದ್ರೆ, "ನೀನೇ ಹೇಳಿದ್ಯಲ್ಲ ಮಾರಾಯ" ಅಂದ್ಲು, ಅಷ್ಟೇ.

900 ರೂಪಾಯಿ ಕೊಟ್ಟು ತಂದ ಕಾವಲಿಗೆ ಈಗ ಎರಡು ವರ್ಷ. ಪಿಜ್ಜಾ ಚೆನ್ನಾಗೇ ಬರುತ್ತೆ. ಆದರೆ ಮುಟ್ಟಿದರೆ ಇನ್ನೂ ಒರಟು, ಮೊದಲ ದೋಸೆ ಇವತ್ತಿಗೂ ಹರಿಯುತ್ತೆ.

ಮೊನ್ನೆ ಗೆಳೆಯ ಸಿಂಕ್ ಕೆಳಗಿನದ್ದನ್ನು ಹೊರಗೆ ತೆಗೆದು ಫೋಟೋ ಕಳಿಸಿದ್ದ. ತುಕ್ಕು ಉಜ್ಜಿ ಉಜ್ಜಿ ನಡುವೆ ಬೂದು ಬಣ್ಣಕ್ಕೆ ಬಂದಿದೆ. ಸೋಪು ಹಾಕಬಹುದಾ, ಎಲ್ಲರೂ ಹಾಕಲೇಬಾರದು ಅಂತಾರಲ್ಲ ಅಂತ ಕೇಳಿದ. ಅದು ಕಾಸ್ಟಿಕ್ ಸೋಡಾದ ಹಳೇ ಸೋಪಿನ ಕಾಲದ ಮಾತು. ಧಾರಾಳವಾಗಿ ಹಾಕು, ತೊಳೆದ ತಕ್ಷಣ ಒಲೆ ಮೇಲಿಟ್ಟು ಒಣಗಿಸು, ಎಣ್ಣೆ ಸವರು, ಆ ಫಿನಾಯಿಲ್ ಪಕ್ಕಕ್ಕೆ ಮಾತ್ರ ವಾಪಸ್ ಇಡಬೇಡ ಅಂತ ಬರೆದೆ.